ನಾರ್ವೇ ದೇಶದವರ ನಡೆನುಡಿಯ ಮರ್ಯಾದೆಗಳು

ಒಂದು ದೇಶದ ಭೂಪಟವನ್ನು ಕಲಿಯುವುದು ಸುಲಭ. ಅಲ್ಲಿಯ ಜನರ ಮರ್ಯಾದೆಗಳನ್ನು ಕಲಿಯುವುದು ಅಷ್ಟು ಸುಲಭವಲ್ಲ. ನದಿ, ಪರ್ವತ, ಪಟ್ಟಣಗಳ ಹೆಸರುಗಳನ್ನು ಪುಸ್ತಕವು ಹೇಳಿಕೊಡುವುದು. ಆದರೆ ಪರರ ಮನೆಯ ಹೊಸ್ತಿಲಲ್ಲಿ ಏನನ್ನು ನುಡಿಯಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಅಲ್ಲಿಯವರ ನಡತೆಯನ್ನು ಗಮನಿಸಿಯೇ ತಿಳಿಯತಕ್ಕದ್ದು. ನಮ್ಮಲ್ಲಿ ಓದಿದ ಹೆಣ್ಣುಮಕ್ಕಳು ದಾದಿಯರಾಗಿಯೂ ವಿದ್ಯಾರ್ಥಿನಿಯರಾಗಿಯೂ ಗೃಹಿಣಿಯರಾಗಿಯೂ ದೂರದೇಶಗಳಿಗೆ ಹೋಗುತ್ತಿರುವ ಈ ಕಾಲದಲ್ಲಿ, ಅವರಿಗೂ ಅವರನ್ನು ಕಳುಹಿಸಿಕೊಡುವ ತಾಯಿತಂದೆಗಳಿಗೂ ಪ್ರಯೋಜನವಾದೀತೆಂದು ನಾರ್ವೇ ದೇಶದ ಉದಾಹರಣೆಯನ್ನು ತೆಗೆದುಕೊಂಡಿದ್ದೇವೆ.

ಯೂರೋಪಿನ ಉತ್ತರದ ಅಂಚಿನಲ್ಲಿರುವ ಈ ದೇಶದ ಜನಸಂಖ್ಯೆಯು ಸುಮಾರು 55 ಲಕ್ಷ ಮಾತ್ರ. ಹೊಸದಾಗಿ ಅಲ್ಲಿಗೆ ಹೋದವರ ಮನಸ್ಸಿಗೆ ಮೊದಲು ತಟ್ಟುವುದು ಜನರ ಮೌನ. ಬಸ್ಸಿನಲ್ಲಿ ಇಬ್ಬರು ಕೂಡುವ ಪೀಠದಲ್ಲಿ ಒಬ್ಬರಿದ್ದರೆ, ಬೇರೆ ಪೀಠ ಬರಿದಾಗಿರುವ ತನಕ ಮತ್ತೊಬ್ಬರು ಪಕ್ಕದಲ್ಲಿ ಬಂದು ಕೂಡುವುದು ಅಪರೂಪ. ನೆರೆಮನೆಯವರು ಮೆಟ್ಟಿಲಲ್ಲಿ ಎದುರಾದರೂ ಊರು, ಕುಲ, ಸಂಬಳ, ಮಕ್ಕಳ ಸಂಗತಿಗಳನ್ನು ವಿಚಾರಿಸುವುದಿಲ್ಲ. ಇದನ್ನು ಕಂಡ ಪರದೇಶಿಯು, ಇವರು ಗರ್ವಿಷ್ಠರೋ, ನಮ್ಮನ್ನು ಹೀನೈಸುತ್ತಾರೋ ಎಂದು ನೊಂದುಕೊಳ್ಳುವುದುಂಟು. ಆದರೆ ಅವರು ಸ್ವದೇಶದವರೊಡನೆಯೂ ಹೀಗೆಯೇ ನಡೆದುಕೊಳ್ಳುವರು. ಅನ್ಯರ ನೆಮ್ಮದಿಯೊಳಗೆ ಕರೆಯದೆ ಕಾಲಿಡದಿರುವುದೇ ಅವರಲ್ಲಿ ಗೌರವದ ಗುರುತು.

ಇದಕ್ಕೆ ಅವರ ಕಾನೂನಿನಲ್ಲಿಯೇ ನಿದರ್ಶನವಿದೆ. 1957ರ ಶಾಸನವೊಂದರ ಪ್ರಕಾರ, ಸಾಗುವಳಿಯಾಗದ ಕಾಡು ಬೆಟ್ಟಗಳು ಯಾರ ಸ್ವತ್ತಾಗಿದ್ದರೂ ಅವುಗಳಲ್ಲಿ ಕಾಲ್ನಡೆಯಾಗಿ ತಿರುಗಾಡುವ ಹಕ್ಕು ಎಲ್ಲರಿಗೂ ಉಂಟು, ಗುಡಾರವನ್ನೂ ಹಾಕಬಹುದು. ಆದರೆ ಜನರು ವಾಸಿಸುವ ಮನೆಯಿಂದ ಅದು ಕಡಮೆಪಕ್ಷ 150 ಮೀಟರು ದೂರದಲ್ಲಿರಬೇಕು. ಬಾಗಿಲನ್ನು ತೆರೆದಿಟ್ಟು, ಜೊತೆಗೆ ದೂರವನ್ನೂ ಕಾಯುವ ಅವರ ಸ್ವಭಾವವು ಈ ಒಂದು ನಿಯಮದಲ್ಲಿ ಚೆನ್ನಾಗಿ ಕಾಣುವುದು. ಪಟ್ಟಣದಲ್ಲಿ ಮುಖವೆತ್ತದೆ ಹೋಗುವವರೇ ಬೆಟ್ಟದ ಕಾಲುದಾರಿಯಲ್ಲಿ ಎದುರಾದಾಗ ಗುರುತಿಲ್ಲದವರಿಗೂ 'ಹೈ' ಎಂದು ವಂದಿಸಿ ಮುಂದೆ ಸಾಗುವರು.

ಮಾತು ಕಡಮೆಯಾದರೂ ಕೃತಜ್ಞತೆಗೆ ಕೊರತೆಯಿಲ್ಲ. ಇಂಗ್ಲಿಷಿನ 'ಪ್ಲೀಸ್' ಎಂಬುದಕ್ಕೆ ಸರಿಯಾದ ಒಂದೇ ಪದವು ಅವರ ಭಾಷೆಯಲ್ಲಿಲ್ಲ. ನಮ್ಮಲ್ಲಿಯೂ ಮನೆಯೊಳಗೆ 'ದಯವಿಟ್ಟು' ಎಂದು ಹೇಳುವವರು ವಿರಳ. 'ಕೊಡಿರಿ' ಎಂಬ ಕ್ರಿಯಾಪದದಲ್ಲಿಯೇ ವಿನಯವು ಅಡಗಿರುವುದಷ್ಟೆ. ಅವರ ವಿನಯವಾದರೋ 'ತಕ್', ಅಂದರೆ ವಂದನೆ, ಎಂಬ ಮಾತಿನಲ್ಲಿದೆ. ಊಟ ಮುಗಿದ ಮೇಲೆ ಅತಿಥಿಯಷ್ಟೇ ಅಲ್ಲ, ಮನೆಯ ಮಗುವೂ ಅಡಿಗೆ ಮಾಡಿದವರಿಗೆ 'ತಕ್ ಫೊರ್ ಮಾತೆನ್', ಊಟಕ್ಕಾಗಿ ವಂದನೆ, ಎಂದು ಹೇಳಿಯೇ ಏಳುವುದು ವಾಡಿಕೆ. ಅದಕ್ಕೆ 'ವೆಲ್ ಬೆಕೊಮ್ಮೆ' ಎಂದು ಪ್ರತ್ಯುತ್ತರ ಬರುವುದು. ಒಮ್ಮೆ ಕೂಡಿ ಕಾಲ ಕಳೆದವರು ಮರಳಿ ಕಂಡಾಗ 'ತಕ್ ಫೊರ್ ಸಿಸ್ತ್', ಅಂದರೆ ಕಳೆದ ಸಲಕ್ಕಾಗಿ ವಂದನೆ, ಎನ್ನುವರು. ನಾವು ಅಗಲುವಾಗ 'ಹೋಗಿಬರುತ್ತೇವೆ' ಎಂದು ಮುಂದಿನ ಭೇಟಿಯನ್ನು ನೆನೆಯುತ್ತೇವೆ. ಅವರು ಕೂಡುವಾಗ ಹಿಂದಿನ ಭೇಟಿಯನ್ನು ನೆನೆಯುವರು. ಸಮಾಧಿಯ ಕಲ್ಲುಗಳ ಮೇಲೆಯೂ 'ತಕ್ ಫೊರ್ ಆಲ್ತ್', ಎಲ್ಲಕ್ಕಾಗಿ ವಂದನೆ, ಎಂದು ಕೆತ್ತಿರುವುದನ್ನು ಕಾಣಬಹುದು.

ಮನೆಗೆ ಹೋಗುವಾಗ ಪಾಲಿಸತಕ್ಕ ಕ್ರಮಗಳು ಕೆಲವುಂಟು. ಬಾಗಿಲೊಳಗೆ ಬಂದೊಡನೆ ಜೋಡುಗಳನ್ನು ಕಳಚಿಡಬೇಕು. ಇದು ನಮಗೆ ಹೊಸ ಪಾಠವಲ್ಲ. ಆರು ಗಂಟೆಗೆ ಕರೆದಿದ್ದರೆ ಆರು ಗಂಟೆಗೇ ಹೋಗಬೇಕು. ಮುಂದಾಗಿ ತಿಳಿಸದೆ ಹೋಗುವುದು ಸಾಮಾನ್ಯವಾಗಿ ಸಲ್ಲದು. ಹತ್ತು ಮಂದಿ ಸೇರಿದಲ್ಲಿಗೆ ಹೋದಾಗ, ಯಾರಾದರೂ ನಮ್ಮನ್ನು ಪರಿಚಯ ಮಾಡಿಸಲಿ ಎಂದು ಮೂಲೆಯಲ್ಲಿ ನಿಲ್ಲದೆ, ಒಬ್ಬೊಬ್ಬರ ಬಳಿಗೂ ಹೋಗಿ ಕೈಕುಲುಕಿ ಹೆಸರನ್ನು ಹೇಳಬೇಕು. ಸಂಕೋಚವೇ ಸುಶೀಲತೆಯೆಂದು ಬೆಳೆದ ನಮ್ಮ ಹುಡುಗಿಯರಿಗೆ ಇದು ಕಷ್ಟವಾದರೂ ಅಭ್ಯಾಸ ಮಾಡತಕ್ಕದ್ದು. ಉದ್ಯೋಗದ ಸ್ಥಳದಲ್ಲಿ ಹುಟ್ಟುಹಬ್ಬದವಳು ತಾನೇ ಕೇಕನ್ನು ತಂದು ಇತರರಿಗೆ ಹಂಚುವಳು.

ಆ ಭಾಷೆಯಲ್ಲಿಯೂ 'ನೀನು', 'ತಾವು' ಎಂಬ ಭೇದವಿತ್ತು. 1970ರ ದಶಕದಿಂದೀಚೆಗೆ 'ತಾವು' ಎಂಬುದು ಬಹುಮಟ್ಟಿಗೆ ಬಳಕೆ ತಪ್ಪಿತು. ಮಕ್ಕಳು ಉಪಾಧ್ಯಾಯಿನಿಯನ್ನೂ ಹೆಸರು ಹಿಡಿದು ಕರೆಯುವರು. ನಮ್ಮ ಕಿವಿಗೆ ಇದು ಒರಟಾಗಿ ಕೇಳುವುದು ಸಹಜ. ಆದರೆ ಅವರ ಎಣಿಕೆಯಲ್ಲಿ ಯಾರೂ ತಮ್ಮನ್ನು ಇತರರಿಗಿಂತ ಮೇಲೆಂದು ತೋರಿಸಿಕೊಳ್ಳಬಾರದು. ಆಕ್ಸೆಲ್ ಸಾಂದೆಮೋಸೆ ಎಂಬ ಗ್ರಂಥಕರ್ತನು 1933ರ ಕಾದಂಬರಿಯೊಂದರಲ್ಲಿ ಈ ಭಾವವು ಮಿತಿಮೀರಿದಾಗ ಮನುಷ್ಯನನ್ನು ಹೇಗೆ ಅದುಮುವುದೆಂಬುದನ್ನು 'ಯಾಂತೆಯ ನಿಯಮ'ಗಳೆಂಬ ಹೆಸರಿನಲ್ಲಿ ಕಟುವಾಗಿ ಚಿತ್ರಿಸಿದನು. ಇದರ ಒಳ್ಳೆಯ ಮುಖವೂ ಉಂಟು. 1973ರಲ್ಲಿ ಎಣ್ಣೆಯ ಅಭಾವದಿಂದ ವಾರಾಂತ್ಯದಲ್ಲಿ ಮೋಟಾರುಗಳನ್ನು ಓಡಿಸಬಾರದೆಂದು ವಿಧಿಸಿದಾಗ, ಐದನೆಯ ಓಲಾವ್ ಅರಸನು ಹಿಮದ ಮೇಲೆ ಜಾರುವ ಹಲಗೆಗಳನ್ನು ಹಿಡಿದು ಸಾರ್ವಜನಿಕ ರೈಲನ್ನೇರಿ, ಎಲ್ಲರಂತೆ ಟಿಕೇಟಿನ ಹಣವನ್ನು ಕೊಡಲು ಮುಂದಾದನು.

ಹಾಗಾದರೆ ಇಂಥವರ ಸ್ನೇಹವನ್ನು ಸಂಪಾದಿಸುವ ಬಗೆ ಯಾವುದು? ಕೂಡಿ ದುಡಿಯುವುದೇ ಅದರ ಹೆಬ್ಬಾಗಿಲು. ವಠಾರದ ಅಂಗಳವನ್ನು ವಸಂತಕಾಲದಲ್ಲಿ ಗುಡಿಸುವುದು, ಶಾಲೆಯ ಬೇಲಿಗೆ ಬಣ್ಣ ಹಚ್ಚುವುದು ಮುಂತಾದ ಕೆಲಸಗಳನ್ನು ನೆರೆಹೊರೆಯವರೆಲ್ಲರೂ ಕೂಲಿಯಿಲ್ಲದೆ ಸೇರಿ ಮಾಡುವರು. ಇದಕ್ಕೆ 'ದುಗ್ನಾದ್' ಎಂದು ಹೆಸರು. 2004ರಲ್ಲಿ ಈ ಪದವನ್ನೇ ನಾರ್ವೇಯ ರಾಷ್ಟ್ರಪದವೆಂದು ಆರಿಸಿದರು. ಮೆಟ್ಟಿಲಲ್ಲಿ ತುಟಿ ಬಿಚ್ಚದ ನೆರೆಯವಳು ಅಲ್ಲಿ ಕಸಬರಿಕೆ ಹಿಡಿದು ಪಕ್ಕದಲ್ಲಿ ನಿಂತಾಗ ಮಾತನಾಡುವಳು, ಕಾಫಿಯನ್ನು ಹಂಚಿಕೊಳ್ಳುವಳು. ಮುಂದಿನ ಸಲ ಕಂಡಾಗ 'ತಕ್ ಫೊರ್ ಸಿಸ್ತ್' ಎನ್ನಲು ಕಾರಣವೊಂದು ದೊರೆತಂತಾಯಿತು.

ನಮ್ಮವರು ತಮ್ಮ ಸಹಜವಾದ ಆದರವನ್ನು ತೊರೆದು ಮೌನಿಗಳಾಗಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಪರರ ಮರ್ಯಾದೆಯು ಎಲ್ಲಿ ನೆಲೆಸಿದೆ ಎಂಬುದನ್ನು ಅರಿಯುವ ಮೊದಲು, ಅವರಲ್ಲಿ ಮರ್ಯಾದೆಯೇ ಇಲ್ಲವೆಂದು ತೀರ್ಮಾನಿಸಬಾರದು ಎಂಬುದಷ್ಟೇ ನಮ್ಮ ಮಾತು. ಆ ದೇಶದ ಉತ್ತರಭಾಗದ ತ್ರೋಮ್ಸೋ ಪಟ್ಟಣದಲ್ಲಿ ಚಳಿಗಾಲದ ಕೆಲವು ವಾರಗಳಲ್ಲಿ ಸೂರ್ಯನೇ ಉದಯಿಸುವುದಿಲ್ಲ. ಅಂಥ ಕತ್ತಲೆಯಲ್ಲಿ ಕುಳಿತು ಮಗಳು, 'ಇಲ್ಲಿ ನನ್ನೊಡನೆ ಯಾರೂ ಮಾತನಾಡುವುದಿಲ್ಲ' ಎಂದು ತಿಳಿಸಿದರೆ, ತಾಯಂದಿರೇ, ಆ ದುಃಖವನ್ನು ಹಗುರವಾಗಿ ಎಣಿಸಬೇಡಿರಿ. ಆದರೆ ಒಡನೆಯೇ ಆ ಜನರನ್ನು ಹಳಿದು 'ಹೊರಟು ಬಾ' ಎಂದು ಬರೆಯಲೂ ಬೇಡಿರಿ. ಅವಳನ್ನು ಸಂತೈಸಿ, ನೆರೆಯವರು ಮುಂದೆ ಯಾವಾಗ ದುಗ್ನಾದಿಗೆ ಸೇರುವರೆಂಬುದನ್ನು ವಿಚಾರಿಸಿ ಕಸಬರಿಕೆಯೊಡನೆ ತಾನೂ ಇಳಿದುಹೋಗುವಂತೆ ಬುದ್ಧಿ ಹೇಳಿರಿ.