ಬಂಡಿ ದೊರೆಯದ ಲೇವಿಯರು

ಪ್ರಿಯ ಓದುಗರು ಈ ಪಾಠಕ್ಕಾಗಿ ಅರಣ್ಯಕಾಂಡದ 4, 7 ಮತ್ತು 11ನೆಯ ಅಧ್ಯಾಯಗಳನ್ನು ಮೊದಲು ಓದಿಕೊಳ್ಳಬೇಕೆಂದು ಬೇಡುತ್ತೇವೆ. ಅವುಗಳಲ್ಲಿ ಹೆಸರುಗಳೂ ಲೆಕ್ಕಗಳೂ ತುಂಬಿರುವದರಿಂದ ಕುಟುಂಬ ಪ್ರಾರ್ಥನೆಯಲ್ಲಿ ಅನೇಕರು ಇವನ್ನು ದಾಟಿಹೋಗುವದುಂಟು. ಆದರೆ ದೇವರ ಸೇವೆಯನ್ನು ಹೊರತಕ್ಕವರು ಯಾರು, ಹೇಗೆ ಹೊರಬೇಕು ಎಂಬದನ್ನು ಸತ್ಯವೇದವು ಇಷ್ಟು ಸ್ಪಷ್ಟವಾಗಿ ತಿಳಿಸುವ ಸ್ಥಳಗಳು ಕೆಲವೇ.

ಇಸ್ರಾಯೇಲ್ಯರು ಸೀನಾಯಿ ಅರಣ್ಯದಲ್ಲಿ ಇಳುಕೊಂಡಿದ್ದಾಗ ದೇವದರ್ಶನದ ಗುಡಾರವು ಪಾಳೆಯದ ನಡುವೆ ಇತ್ತು. ಮೇಘವು ಮೇಲಕ್ಕೆ ಎದ್ದಾಗಲೆಲ್ಲಾ ಅದನ್ನು ಬಿಚ್ಚಿ, ಹೊತ್ತು, ಮುಂದಣ ಸ್ಥಳದಲ್ಲಿ ತಿರಿಗಿ ನಿಲ್ಲಿಸಬೇಕಾಗಿತ್ತು. ಈ ಕೆಲಸವು ಲೇವಿಕುಲದ ಮೂರು ಗೋತ್ರಗಳವರಿಗೆ ನೇಮಕವಾಯಿತು. 30 ವರುಷ ಮೊದಲುಗೊಂಡು 50 ವರುಷದ ವರೆಗಿನ ಗಂಡಸರನ್ನು ಎಣಿಸಲಾಗಿ, ಕೆಹಾತ್ಯರು 2,750, ಗೇರ್ಷೋನ್ಯರು 2,630, ಮೆರಾರೀಯರು 3,200, ಒಟ್ಟು 8,580 ಮಂದಿಯಾದರು. ಗೇರ್ಷೋನ್ಯರಿಗೆ ಪರದೆಗಳೂ ಹೊದಿಕೆಗಳೂ ಅವುಗಳ ಹಗ್ಗಗಳೂ ಬಂದವು. ಮೆರಾರೀಯರಿಗೆ ಚೌಕಟ್ಟುಗಳು, ಅಗುಳಿಗಳು, ಕಂಬಗಳು, ಗದ್ದಿಗೇಕಲ್ಲುಗಳು, ಗೂಟಗಳು. ಇವರ ವಿಷಯದಲ್ಲಿ ಒಂದು ಅಪ್ಪಣೆ ಉಂಟು: ಹೊರಬೇಕಾದ ಸಾಮಾನುಗಳನ್ನು ಒಂದೊಂದಾಗಿ ಹೆಸರು ಹೇಳಿ ಒಪ್ಪಿಸತಕ್ಕದ್ದು. ಮಣ್ಣಿನಲ್ಲಿ ಬಡಿಯುವ ಗೂಟಕ್ಕೂ ಅದರ ಹೊಣೆಗಾರನಿದ್ದನು.

ಇಸ್ರಾಯೇಲ್ಯರ ಕುಲಾಧಿಪತಿಗಳು ಆರು ಕಮಾನುಬಂಡಿಗಳನ್ನೂ 12 ಎತ್ತುಗಳನ್ನೂ ಕಾಣಿಕೆಯಾಗಿ ತಂದರು. ಮೋಶೆಯು ಗೇರ್ಷೋನ್ಯರಿಗೆ ಎರಡು ಬಂಡಿ, ನಾಲ್ಕು ಎತ್ತು. ಮೆರಾರೀಯರಿಗೆ ನಾಲ್ಕು ಬಂಡಿ, ಎಂಟು ಎತ್ತು ಹಂಚಿದನು. ಈ ಹಂಚಿಕೆಯು ನ್ಯಾಯವಾದದ್ದೇ. ಮೆರಾರೀಯರ ಬೆಳ್ಳಿಯ ಗದ್ದಿಗೇಕಲ್ಲುಗಳೇ 100. ಒಂದೊಂದು ಒಂದು ತಲಾಂತು, ಅಂದರೆ ಸುಮಾರು 34 ಕಿಲೋ ತೂಕ. ಬಂಡಿ ಹೊಡೆದು ಬಲ್ಲವರು ಲೆಕ್ಕ ಹಾಕಿ ನೋಡಲಿ: ಬೆಳ್ಳಿಯೇ ಒಂದೊಂದು ಬಂಡಿಗೆ 850 ಕಿಲೋದಷ್ಟು, ಅದರ ಸಂಗಡ ಹತ್ತು ಮೊಳ ಉದ್ದದ 48 ಚೌಕಟ್ಟುಗಳು ಬೇರೆ.

ಕೆಹಾತ್ಯರಿಗೆ ಒಂದು ಬಂಡಿಯಾದರೂ ಸಿಕ್ಕಲಿಲ್ಲ. ಅವರ ಪಾಲಿಗೆ ಬಂದದ್ದು ಮಂಜೂಷ, ಮೇಜು, ದೀಪಸ್ತಂಭ, ಯಜ್ಞವೇದಿಗಳು. ಗುಡಾರದಲ್ಲಿ ಅತಿ ಪರಿಶುದ್ಧವಾದದ್ದೆಲ್ಲಾ. ಇವುಗಳನ್ನು ಹೆಗಲಿನ ಮೇಲೆಯೇ ಹೊರಬೇಕೆಂದು ಕಟ್ಟಳೆ. ಆದದರಿಂದ ಯಾರು ಪರಿಶುದ್ಧವಾದದ್ದಕ್ಕೆ ಹೆಚ್ಚು ಹತ್ತಿರವಾಗಿದ್ದರೋ ಅವರಿಗೆ ಅನುಕೂಲವು ಕಡಿಮೆಯಾಯಿತು. ಹತ್ತಿರವಾದರೂ ಅವರು ಏನನ್ನೂ ಕಣ್ಣಾರೆ ನೋಡಲಿಲ್ಲ. ಆರೋನನೂ ಅವನ ಮಕ್ಕಳೂ ಮೊದಲು ಒಳಗೆ ಹೋಗಿ ಎಲ್ಲವನ್ನೂ ಮುಚ್ಚಿದ ಮೇಲೆಯೇ ಕೆಹಾತ್ಯರು ಬರತಕ್ಕದ್ದು; ಮುಟ್ಟಿದರೂ ಕ್ಷಣಮಾತ್ರ ನೋಡಿದರೂ ಮರಣ. ಬೇರೆ ಸಾಮಾನುಗಳಿಗೆ ಒಳಗೆ ಬಟ್ಟೆ, ಹೊರಗೆ ತೊಗಲು ಹೊದಿಸುತ್ತಿದ್ದರು. ಮಂಜೂಷಕ್ಕೆ ಮಾತ್ರ ತೊಗಲಿನ ಮೇಲೆ ನೀಲಿ ಬಟ್ಟೆ. ಪ್ರಯಾಣದಲ್ಲಿ ದೂರದಿಂದ ನೋಡುವವನಿಗೆ ಆ ನೀಲಿಯ ಗುರುತಿನಿಂದಲೇ ಮಂಜೂಷವು ತಿಳಿಯಬಹುದಾಗಿತ್ತು.

ಬಂಡಿಯಿದ್ದರೆ ಏನು ತಪ್ಪು ಎಂದು ಕೇಳುವವರು ಸಮುವೇಲನ ಎರಡನೆಯ ಪುಸ್ತಕದ 6ನೆಯ ಅಧ್ಯಾಯವನ್ನು ನೋಡಲಿ. ದಾವೀದನು ಮಂಜೂಷವನ್ನು ಯೆರೂಸಲೇಮಿಗೆ ತರುವದಕ್ಕೆ ಹೊಸ ಬಂಡಿಯನ್ನು ಕಟ್ಟಿಸಿದನು. ಅದಕ್ಕೂ ಮೊದಲು ಹೊಸ ಬಂಡಿಯಲ್ಲಿ ಮಂಜೂಷವನ್ನು ಕಳುಹಿಸಿದವರು ಫಿಲಿಷ್ಟಿಯರು. ಅವರಿಗೆ ಕಟ್ಟಳೆ ತಿಳಿದಿರಲಿಲ್ಲ. ಅರಸನ ಉದ್ದೇಶವು ಒಳ್ಳೇದು, ವಾದ್ಯಗಳೂ ಹರ್ಷವೂ ಬಹಳ. ಆದರೆ ಕಣದ ಬಳಿಯಲ್ಲಿ ಎತ್ತುಗಳು ಎಡವಿದವು, ಉಜ್ಜನು ಕೈಚಾಚಿ ಹಿಡಿದನು, ಅಲ್ಲಿಯೇ ಸತ್ತನು. ಮೂರು ತಿಂಗಳ ಮೇಲೆ ದಾವೀದನು ಮಂಜೂಷವನ್ನು ತರಿಸಿದಾಗ ಲೇವಿಯರು ಅದನ್ನು ಕೋಲುಗಳಿಂದ ಹೆಗಲ ಮೇಲೆ ಹೊತ್ತರು. ಉಜ್ಜನ ಮರಣವು ಓದುವವರಿಗೆ ಕಠಿಣವಾಗಿ ತೋರುವದು. ದಾವೀದನಿಗೂ ಆ ದಿನ ಹಾಗೆಯೇ ತೋರಿತು, ಅವನು ಸಿಟ್ಟುಗೊಂಡನು, ಹೆದರಿದನು. ಅದನ್ನು ಹಗುರಮಾಡಿ ಹೇಳುವದು ನಮ್ಮ ಕೆಲಸವಲ್ಲ. ಆದರೂ ಎತ್ತಿನ ಮೇಲೆ ಹಾಕಿದ ಭಾರವು ಮೊದಲು ಮನುಷ್ಯನ ಹೆಗಲಿಗೆ ನೇಮಕವಾದ ಭಾರವೆಂಬದನ್ನು ಮರೆಯಬಾರದು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಇಬ್ರಿಯ ಭಾಷೆಯಲ್ಲಿ ಹೊರುವದಕ್ಕೆ ‘ನಾಸಾ’ ಎಂಬ ಶಬ್ದವುಂಟು. ಕೆಹಾತ್ಯರು ಮಂಜೂಷವನ್ನು ಹೊತ್ತದ್ದಕ್ಕೂ, ಆರೋನನು ಹನ್ನೆರಡು ಕುಲಗಳ ಹೆಸರುಗಳನ್ನು ಎರಡು ರತ್ನಗಳಲ್ಲಿ ಕೆತ್ತಿಸಿ ಹೆಗಲುಗಳ ಮೇಲೆ ಹೊತ್ತದ್ದಕ್ಕೂ, ಯಾಜಕನು ದೇವಸ್ಥಾನಕ್ಕೆ ತಗಲಿದ ದೋಷವನ್ನು ಹೊತ್ತದ್ದಕ್ಕೂ ಇದೇ ಶಬ್ದ. ನಮ್ಮ ಕನ್ನಡದಲ್ಲಿಯೂ ಹುಲ್ಲಿನ ಹೊರೆಯನ್ನು ಹೊರುತ್ತೇವೆ, ಮತ್ತೊಬ್ಬರ ತಪ್ಪಿನ ಹೊಣೆಯನ್ನೂ ಹೊರುತ್ತೇವೆ, ಅರ್ಥವಾಗುವದು ಕಷ್ಟವಲ್ಲ. ವಿಶೇಷವೇನಂದರೆ, ಯೆಹೋವನು ತನ್ನ ಜನರ ಪಾಪವನ್ನು ಕ್ಷಮಿಸುವನೆಂದು ವಿಮೋಚನಕಾಂಡದ 34ನೆಯ ಅಧ್ಯಾಯದಲ್ಲಿ ಹೇಳುವಾಗಲೂ ಇದೇ ಶಬ್ದವು ಬಂದಿದೆ.

ಆರೋನನ ಹೊರೆಯು ಎಷ್ಟೆಂಬದು ಯಾಜಕಕಾಂಡದ 10ನೆಯ ಅಧ್ಯಾಯದಲ್ಲಿ ತೋರುತ್ತದೆ. ಅವನ ಇಬ್ಬರು ಮಕ್ಕಳಾದ ನಾದಾಬನೂ ಅಬೀಹೂ ಎಂಬವನೂ ಅಪ್ಪಣೆಯಿಲ್ಲದ ಬೆಂಕಿಯಿಂದ ಧೂಪಹಾಕಿ ಸತ್ತರು. ಊರೆಲ್ಲಾ ಗೋಳಾಡಬಹುದು, ತಂದೆಯು ಮಾತ್ರ ತಲೆಯನ್ನು ಕೆದರಿಕೊಳ್ಳಬಾರದು, ಬಟ್ಟೆಯನ್ನು ಹರಕೊಳ್ಳಬಾರದು. ಉಳಿದ ಮಕ್ಕಳಾದ ಎಲ್ಲಾಜಾರನೂ ಈತಾಮಾರನೂ ಗುಡಾರದ ಬಾಗಲನ್ನು ಬಿಟ್ಟು ಹೋಗಬಾರದು. ಆರೋನನು ಒಂದು ಮಾತೂ ಆಡಲಿಲ್ಲ. ಹೆಣಗಳನ್ನು ಪಾಳೆಯದ ಹೊರಗೆ ಹೊತ್ತುಕೊಂಡು ಹೋದವರು ಮೀಶಾಯೇಲನೂ ಎಲ್ಸಾಫಾನನೂ. ಇವರೂ ಕೆಹಾತನ ವಂಶದವರೇ.

ಇದನ್ನು ತಿಳಿದ ಮೇಲೆ ಕೋರಹನ ಆಶೆಯು ನಮಗೆ ವಿಚಿತ್ರವಾಗಿ ಕಾಣುವದು. ಅವನೂ ಕೆಹಾತ್ಯನು. ಪರಿಶುದ್ಧ ವಸ್ತುಗಳನ್ನು ಹೊರುವ ಗೋತ್ರದಲ್ಲಿ ಹುಟ್ಟಿ, ಅದು ಸಾಲದೆಂದು ಯಾಜಕತ್ವವನ್ನು ಕೇಳಿದನು. ಅವನ ಕಣ್ಣಿಗೆ ಬಿದ್ದದ್ದು ಆರೋನನ ಹೆಗಲಿನ ರತ್ನವೇ ಹೊರತು ಹೆಗಲಲ್ಲ. ಸಭೆಗಳಲ್ಲಿ ಹಿರಿಯರನ್ನು ಆರಿಸುವ ಕಾಲದಲ್ಲಿ ಹುಟ್ಟುವ ಜಗಳಗಳಲ್ಲಿ ಅರ್ಧವು ಇದೇ ವಿಧವಾದದ್ದೆಂದು ಹೇಳಿದರೆ ಯಾರೂ ಬೇಸರಗೊಳ್ಳಬಾರದು.

ಮೋಶೆಯ ಸಂಗತಿಯು ಬೇರೆ. ಜನರು ಮಾಂಸ ಬೇಕೆಂದು ತಮ್ಮ ತಮ್ಮ ಡೇರೆಗಳ ಬಾಗಲಲ್ಲಿ ಅಳುತ್ತಿದ್ದಾಗ ಅವನ ಧೈರ್ಯವು ಕುಂದಿತು. ಈ ಜನರನ್ನು ಹೆತ್ತವನು ನಾನೋ, ಮೊಲೆಗೂಸಿನಂತೆ ಉಡಿಯಲ್ಲಿ ಹೊತ್ತುಕೊಂಡು ಹೋಗಲೋ ಎಂಬ ಭಾವದಿಂದ ಅವನು ದೇವರಿಗೆ ಮೊರೆಯಿಟ್ಟನು. ಸಾವನ್ನಾದರೂ ಕೊಡು ಎಂದನು. ಆ ಮೊರೆಯಲ್ಲಿ ಒಬ್ಬನೇ ಎಂಬ ಮಾತಿನ ಮೇಲೆಯೇ ಭಾರವೆಲ್ಲಾ ಇದೆ. ದೇವರು ಅವನನ್ನು ಗದರಿಸಲಿಲ್ಲ. ಕೆಲಸದಿಂದ ಬಿಡಿಸಲೂ ಇಲ್ಲ. ಜನರಲ್ಲಿ ಹಿರಿಯರೆಂದು ಗೊತ್ತಿರುವ 70 ಮಂದಿಯನ್ನು ಕರೆಯಿಸಿ, ಅವನ ಮೇಲಿದ್ದ ಆತ್ಮದಲ್ಲಿ ಅವರಿಗೂ ಪಾಲುಕೊಟ್ಟು, ಭಾರವನ್ನು ಅವನ ಸಂಗಡ ಹೊರುವಂತೆ ಮಾಡಿದನು. ಇದಕ್ಕೆ ಮೊದಲು ಮಾವನಾದ ಇತ್ರೋವನು ಹೇಳಿಕೊಟ್ಟ ಏರ್ಪಾಡು ವ್ಯಾಜ್ಯಗಳನ್ನು ತೀರಿಸುವದಕ್ಕೆ. ಇದು ಅದಕ್ಕಿಂತ ಆಳವಾದದ್ದು. ಎಲ್ದಾದನೂ ಮೇದಾದನೂ ಪಾಳೆಯದಲ್ಲಿಯೇ ಪ್ರವಾದಿಸಿದಾಗ ಯೆಹೋಶುವನು ಅದನ್ನು ತಡೆಯಬೇಕೆಂದನು. ಮೋಶೆಗೆ ಆ ಹೊಟ್ಟೆಕಿಚ್ಚು ಇರಲಿಲ್ಲ. ಭಾರದ ಅಡಿಯಲ್ಲಿ ನಲುಗಿದವನಿಗೆ ಹೆಗಲು ಕೊಡುವವರು ಎಷ್ಟು ಮಂದಿಯಾದರೂ ಸಂತೋಷವೇ.

ನಮ್ಮ ಹಳ್ಳಿಯ ಸಭೆಗಳಲ್ಲಿ ಗಂಟೆ ಬಾರಿಸುವದು, ಚಾಪೆ ಹಾಸುವದು, ಕಾಣಿಕೆಯ ಲೆಕ್ಕ ಬರೆಯುವದು, ರೋಗಿಯ ಮನೆಗೆ ಹೋಗುವದು, ಅಣ್ಣತಮ್ಮಂದಿರ ಹೊಲದ ಜಗಳವನ್ನು ಸಮಾಧಾನಮಾಡುವದು ಎಲ್ಲವೂ ಒಬ್ಬ ಉಪದೇಶಿಯ ಮೇಲೆಯೇ ಬಿದ್ದಿದ್ದರೆ, ಆ ಊರಿನಲ್ಲಿ ಗೂಟಗಳನ್ನು ಹೆಸರು ಹೇಳಿ ಹಂಚಿಲ್ಲವೆಂದು ತಿಳಿಯಬೇಕು. ಅವನು ಬೇಸತ್ತು ಮಾತಾಡಿದರೆ ನಂಬಿಕೆ ಕಡಿಮೆಯಾಯಿತೆಂದು ಹೇಳುವದಕ್ಕೆ ಮುಂಚೆ ಮೋಶೆಯನ್ನು ನೆನಸಿಕೊಳ್ಳಿರಿ. 50 ವರುಷವಾದ ಲೇವಿಯನಿಗೆ ಹೊರುವ ಕೆಲಸವು ನಿಂತರೂ ತಮ್ಮಂದಿರ ಸಂಗಡ ಕಾವಲಿಗೆ ಇರಬಹುದೆಂಬ ಕಟ್ಟಳೆಯನ್ನು ಸಭೆಯ ಮುದುಕರೂ ಓದಿಕೊಳ್ಳಲಿ.

ಕಾಲಾಂತರದಲ್ಲಿ ಸೊಲೊಮೋನನು ದೇವಾಲಯವನ್ನು ಕಟ್ಟಿಸಿದ ಮೇಲೆ ಮಂಜೂಷವು ಅಲ್ಲಿ ನೆಲೆಗೊಂಡಿತು. ಕ್ರಿಸ್ತಪೂರ್ವ 622ರ ಸುಮಾರಿಗೆ ಅರಸನಾದ ಯೋಷೀಯನು ಪಸ್ಕಹಬ್ಬವನ್ನು ಮಾಡಿಸಿದಾಗ, ಇನ್ನು ಮಂಜೂಷವು ನಿಮ್ಮ ಹೆಗಲಿಗೆ ಭಾರವಾಗದು, ದೇವರನ್ನೂ ಆತನ ಜನರನ್ನೂ ಸೇವಿಸಿರಿ ಎಂಬ ಅಭಿಪ್ರಾಯದಿಂದ ಲೇವಿಯರಿಗೆ ಅಪ್ಪಣೆಕೊಟ್ಟನು. ಆ ದಿನ ಅವರು ಕುರಿಮರಿಗಳನ್ನು ಕೊಯ್ದು, ಬೇಯಿಸಿ, ಜನರಿಗೆ ಬೇಗಬೇಗನೆ ಹಂಚಿದರು. ಯಾಜಕರು ರಾತ್ರಿಯವರೆಗೂ ಹೋಮದಲ್ಲಿಯೇ ಇದ್ದದರಿಂದ ಅವರಿಗೂ ಅಡಿಗೆ ಮಾಡಿದರು. ಹಾಡುವವರೂ ಬಾಗಲು ಕಾಯುವವರೂ ತಮ್ಮ ಸ್ಥಳವನ್ನು ಬಿಟ್ಟು ಬರುವ ಅವಶ್ಯವಿರಲಿಲ್ಲ. ಅವರ ಪಾಲನ್ನು ಅವರ ಸಹೋದರರೇ ಸಿದ್ಧಮಾಡಿದರು.