ಅಸೂಟಿಯಿಂದ ಗಜೇಂದ್ರಗಡದವರೆಗೆ: ಬೈಸಿಕಲ್ಲಿನ ಮೇಲೊಂದು ಪಾಠ

ಭೂಗೋಲವನ್ನು ಗೋಡೆಯ ನಕಾಶೆಯಿಂದಲೂ ಚರಿತ್ರೆಯನ್ನು ಅರಸರ ಪಟ್ಟಿಯಿಂದಲೂ ಕಲಿಸುವದು ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯು. ಪರೀಕ್ಷೆಯ ಮಟ್ಟಿಗೆ ಅದು ಸಾಕಾಗುವದು. ಆದರೆ ರೋಣದ ಸೀಮೆಯಲ್ಲಿ ಹುಟ್ಟಿ ಬೆಳೆದ ಹುಡುಗಿಯು ಚಾಲುಕ್ಯ ಅರಸರ ಹೆಸರುಗಳನ್ನೆಲ್ಲ ತಪ್ಪಿಲ್ಲದೆ ಒಪ್ಪಿಸಿ, ಸೂಡಿಯ ಜೋಡುಕಳಸದ ಗುಡಿಯನ್ನು ಒಮ್ಮೆಯೂ ಕಣ್ಣಾರೆ ಕಾಣದೆ ಶಾಲೆಯನ್ನು ಬಿಟ್ಟುಹೋಗುವದು ನಮಗೆ ಸರಿಯೆಂದು ತೋರುವದಿಲ್ಲ. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ಓದಿ ವಿಚಾರಿಸುವಂತೆ ಎರಡು ಬೈಸಿಕಲ್ ಮಾರ್ಗಗಳ ಪಾಠವನ್ನು ಇಲ್ಲಿ ಬರೆಯುತ್ತೇವೆ.

ಅಸೂಟಿಯನ್ನು ಮೊದಲಿಡಲು ಕಾರಣವುಂಟು. ಅದು ರೋಣ ತಾಲೂಕಿನ ಅನೇಕ ಹಳ್ಳಿಗಳಂತೆ ಒಂದು ಎರಿಹೊಲದ ಹಳ್ಳಿ. ಇಂಥ ಹಳ್ಳಿಯ ಹುಡುಗಿಗೆ ತಿಳಿದ ದಾರಿಗಳು ಸಾಮಾನ್ಯವಾಗಿ ಮೂರೇ: ಹೊಲದ ದಾರಿ, ಶಾಲೆಯ ದಾರಿ, ಸಂತೆಯ ದಾರಿ. ನಾಲ್ಕನೆಯ ದಾರಿಯನ್ನು ಅವಳಿಗೆ ತೋರಿಸುವವರು ಯಾರು?

ಮೊದಲನೆಯ ಮಾರ್ಗವು ಅಸೂಟಿಯಿಂದ ರೋಣಕ್ಕೆ ಬಂದು, ಅಲ್ಲಿಂದ ಪೂರ್ವಕ್ಕೆ ತಿರುಗಿ ಸೂಡಿಯನ್ನು ದಾಟಿ ಗಜೇಂದ್ರಗಡದ ಗುಡ್ಡಗಳನ್ನು ಸೇರುವದು. ಹೊರಡುವ ಕಾಲವನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಬೈಸಿಕಲ್ಲನ್ನು ನಿಂತಲ್ಲಿಯೇ ಹಿಡಿದುಬಿಡುವದು. ಡಾಂಬರಿನ ರಸ್ತೆಯನ್ನು ಬಿಟ್ಟು ಹತ್ತು ಮಾರು ಹೊಲದ ದಾರಿಗೆ ಇಳಿದವರಿಗೆ ಇದರ ಅನುಭವವಿರುವದು. ಆಷಾಢದ ಪಡುವಣ ಗಾಳಿಯನ್ನಂತೂ ಕೇಳುವದೇ ಬೇಡ. ಆ ಗಾಳಿಯು ಪೂರ್ವಕ್ಕೆ ಹೋಗುವಾಗ ಬೆನ್ನು ತಟ್ಟಿ ಕಳಿಸುವದು, ಸಂಜೆ ದಣಿದು ಮರಳುವಾಗ ಎದೆಗೆ ಅಡ್ಡ ನಿಲ್ಲುವದು. ಗಾಳಿಯ ವೇಗವು ಎರಡರಷ್ಟಾದರೆ ಅದರ ತಡೆಯು ನಾಲ್ಕರಷ್ಟಾಗುವದೆಂದು ಪದಾರ್ಥವಿಜ್ಞಾನದಲ್ಲಿ ಕಲಿಸುತ್ತೇವೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದವರು ಈ ಪಾಠವನ್ನು ಚೆನ್ನಾಗಿ ಬಲ್ಲವರಾಗಿರಬೇಕು. ಆದುದರಿಂದ ನವೆಂಬರದಿಂದ ಫೆಬ್ರುವರಿಯವರೆಗಿನ ಕಾಲವೇ ಒಳ್ಳೆಯದು. ಆಗ ಹೊಲಗಳಲ್ಲಿ ಹಿಂಗಾರಿ ಜೋಳವೂ ಕಡಲೆಯೂ ಇರುವವು, ಬಿಸಿಲೂ ಹದವಾಗಿರುವದು.

ಸೂಡಿಯಲ್ಲಿ ಅವಸರಪಡಬಾರದು. ಇಲ್ಲಿಯ ಜೋಡುಕಳಸದ ಗುಡಿಯಲ್ಲಿ ಎರಡು ಗರ್ಭಗುಡಿಗಳ ಮೇಲೆ ಎರಡು ಶಿಖರಗಳಿವೆ. ಸಮೀಪದ ನಾಗಕುಂಡವು ಕಲ್ಲಿನ ಮೆಟ್ಟಲುಗಳುಳ್ಳ, ಗೋಡೆಗಳಲ್ಲಿ ಕೆತ್ತನೆಯ ಕೆಲಸವುಳ್ಳ ಹೊಂಡವು. ನೀರು ತರಲು ಬಂದ ಹೆಂಗಸರು ನಿತ್ಯವೂ ಇಳಿದು ಹತ್ತುವ ಸ್ಥಳಕ್ಕೆ ಶಿಲ್ಪಿಯು ಗುಡಿಗೆ ಕೊಟ್ಟಷ್ಟೇ ಲಕ್ಷ್ಯವನ್ನು ಕೊಟ್ಟನಲ್ಲಾ ಎಂಬುದನ್ನು ಮಕ್ಕಳು ಗಮನಿಸಬೇಕು. ಹನ್ನೊಂದನೆಯ ಶತಮಾನದಲ್ಲಿ ಈ ಸೀಮೆಯು ಕಿಸುಕಾಡು ಎಪ್ಪತ್ತು ಎಂಬ ನಾಡಿಗೆ ಸೇರಿತ್ತು. ಅದನ್ನು ಆಳಿದವಳು ಅಕ್ಕಾದೇವಿ. ಕಲ್ಯಾಣದ ಚಾಲುಕ್ಯ ದೊರೆ ಜಯಸಿಂಹನ ಅಕ್ಕ. ಅವಳು ಗೋಕಾಗೆಯ, ಎಂದರೆ ಈಗಿನ ಗೋಕಾವಿಯ, ಕೋಟೆಗೆ ಮುತ್ತಿಗೆ ಹಾಕಿದ್ದಳೆಂದು ಶಾಸನದಿಂದ ತಿಳಿದುಬರುವದು. ಸೂಡಿಯಿಂದ ದಕ್ಷಿಣಕ್ಕೆ ಹೊರಳಿ ನರೇಗಲ್ಲಕ್ಕೆ ಹೋದರೆ ಹತ್ತನೆಯ ಶತಮಾನದ ದೊಡ್ಡ ಜಿನಾಲಯವೊಂದನ್ನು ಕಾಣಬಹುದು. ಅದನ್ನು ಕಟ್ಟಿಸಿದವಳು ಗಂಗರ ಬೂತುಗನ ರಾಣಿಯಾದ ಪದ್ಮಬ್ಬರಸಿ. ನಾಡನ್ನಾಳಿದ ಹೆಂಗಸಿನ ಸೀಮೆಯಲ್ಲಿ, ಗುಡಿ ಕಟ್ಟಿಸಿದ ಹೆಂಗಸಿನ ಊರಿಗೆ, ಹುಡುಗಿಯು ತಾನೇ ಬೈಸಿಕಲ್ ತುಳಿದುಕೊಂಡು ಹೋಗುವದರಲ್ಲಿ ಅನುಚಿತವಾದದ್ದು ಏನಿದೆಯೋ ನಮಗೆ ತಿಳಿಯದು.

ಇಲ್ಲಿ ಒಂದು ಮಾತು. ಕ್ರೈಸ್ತ ಶಾಲೆಯವರು ಮಕ್ಕಳನ್ನು ಗುಡಿಗಳಿಗೆ ಏಕೆ ಕರೆದೊಯ್ಯಬೇಕೆಂದು ಕೆಲವು ತಂದೆಗಳು ಕೇಳುವದುಂಟು. ನಾಡಿನ ಹಿರಿಯರು ಕೈಯಿಂದ ಮಾಡಿದ್ದನ್ನು ತಿಳಿಯದವರು ನಾಡಿನ ಸೇವೆಯನ್ನು ಹೇಗೆ ಮಾಡಬಲ್ಲರು? ಪಾದರಕ್ಷೆಗಳನ್ನು ಹೊರಗೆ ಬಿಡುವದು, ಪೂಜೆ ನಡೆಯುವಲ್ಲಿ ಗದ್ದಲಮಾಡದಿರುವದು, ಕೆತ್ತನೆಯ ಕಲ್ಲಿನ ಮೇಲೆ ಹತ್ತದಿರುವದು, ಗೋಡೆಯ ಮೇಲೆ ಹೆಸರು ಗೀಚದಿರುವದು, ಇವು ನಮ್ಮ ಮಕ್ಕಳ ಕರ್ತವ್ಯಗಳು. ಕಡೆಯದನ್ನು ಒತ್ತಿ ಹೇಳುತ್ತೇವೆ, ಏಕೆಂದರೆ ಗೀಚಿದ ಹೆಸರುಗಳಲ್ಲಿ ಓದು ಬಾರದವರದು ಒಂದೂ ಇರುವದಿಲ್ಲ.

ಗಜೇಂದ್ರಗಡವು ಸಮೀಪಿಸಿದಂತೆ ಬಯಲು ಮುಗಿದು ಏರು ಮೊದಲಾಗುವದು. ಗಣಿತದ ಪಾಠವು ಇಲ್ಲಿಯೇ ಇದೆ. ಗೇರಿಲ್ಲದ ಸಾಮಾನ್ಯ ಬೈಸಿಕಲ್ಲಿನಲ್ಲಿ ಪೆಡಲಿನ ಹಲ್ಲುಚಕ್ರಕ್ಕೆ 44 ಹಲ್ಲುಗಳೂ ಹಿಂಗಾಲಿಯದಕ್ಕೆ 18 ಹಲ್ಲುಗಳೂ ಇವೆಯೆಂದು ಇಟ್ಟುಕೊಳ್ಳೋಣ. ಪೆಡಲು ಒಂದು ಸುತ್ತು ತಿರುಗಿದರೆ ಹಿಂಗಾಲಿಯು ಹೆಚ್ಚುಕಡಿಮೆ ಎರಡೂವರೆ ಸುತ್ತು ತಿರುಗುವದು. ಗಾಲಿಯ ಸುತ್ತಳತೆ 2.2 ಮೀಟರಾದರೆ ಒಂದು ತುಳಿತದ ಸುತ್ತಿಗೆ ಸುಮಾರು 5.4 ಮೀಟರು ಮುಂದೆ ಸಾಗುವೆವು. ನೂರು ಮೀಟರಿಗೆ ಐದು ಮೀಟರು ಏರುವ ರಸ್ತೆಯಲ್ಲಿ ಆ ಒಂದು ಸುತ್ತಿಗೆ ಶರೀರವನ್ನೂ ಬೈಸಿಕಲ್ಲನ್ನೂ 27 ಸೆಂಟಿಮೀಟರು ಮೇಲಕ್ಕೆ ಎತ್ತಿದಂತಾಯಿತು. ಗೇರಿನ ಬೈಸಿಕಲ್ಲಿನಲ್ಲಿ ಎರಡೂ ಕಡೆಗೆ ಸಮನಾದ ಹಲ್ಲುಗಳ ಚಕ್ರಗಳಿಗೆ ಚೈನನ್ನು ಸರಿಸಿದರೆ ಒಂದು ಸುತ್ತಿಗೆ ಎತ್ತುವದು 11 ಸೆಂಟಿಮೀಟರು ಮಾತ್ರ. ಒಟ್ಟು ಕೆಲಸವು ಕಡಿಮೆಯಾಗಲಿಲ್ಲ. ಅದು ಸಣ್ಣ ಸಣ್ಣ ತುತ್ತುಗಳಾಗಿ ಹಂಚಿಹೋಯಿತು. ಗೇರಿಲ್ಲದವರು ಇಳಿದು ಕೈಯಿಂದ ತಳ್ಳಿಕೊಂಡು ಹೋಗಲಿ, ಅದರಲ್ಲಿ ಮಾನಹಾನಿಯೇನೂ ಇಲ್ಲ. ಇಳಿಜಾರಿನಲ್ಲಿ ಮಾತ್ರ ಎಚ್ಚರ ಬೇಕು: ವೇಗವು ಇಮ್ಮಡಿಯಾದರೆ ಬ್ರೇಕು ಹಿಡಿದು ನಿಲ್ಲಲು ನಾಲ್ಕರಷ್ಟು ದೂರ ಬೇಕಾಗುವದು. ಎರಡೂ ಬ್ರೇಕುಗಳನ್ನು ತಿರುವಿಗೆ ಬರುವ ಮುಂಚೆಯೇ ಮೆಲ್ಲಗೆ ಹಿಡಿಯಬೇಕು, ತಿರುವಿನೊಳಗೆ ಅಲ್ಲ.

ಗಜೇಂದ್ರಗಡದಲ್ಲಿ ಮರಾಠರಿಗೂ ಟಿಪ್ಪು ಸುಲ್ತಾನನಿಗೂ 1787ರಲ್ಲಿ ಕೌಲು ಆಯಿತು. ಗುಡ್ಡದ ಮೇಲೆ ಕೋಟೆಯಿದೆ. ಕಾಲಕಾಲೇಶ್ವರದಲ್ಲಿ ಗುಡ್ಡದೊಳಗಿನಿಂದ ನೀರು ಹರಿದುಬರುವದನ್ನು ಜನರು ಅಂತರಗಂಗೆಯೆನ್ನುವರು. ಬುತ್ತಿಯನ್ನು ಬಿಚ್ಚಲು ಇದಕ್ಕಿಂತ ತಂಪಾದ ತಾಣ ಈ ಮಾರ್ಗದಲ್ಲಿಲ್ಲ. ಕಟಕ ರೊಟ್ಟಿಯೂ ಶೇಂಗಾ ಚಟ್ನಿಯೂ ಎರಡು ದಿನ ಕೆಡುವದಿಲ್ಲವಾದ್ದರಿಂದ ಅವೇ ಉತ್ತಮ.

ಎರಡನೆಯ ಮಾರ್ಗವು ಉತ್ತರಕ್ಕೆ, ಮಲಪ್ರಭೆಯನ್ನು ದಾಟಿ ಬಾದಾಮಿಗೆ ಹೋಗತಕ್ಕದ್ದು. ಇದು ದೊಡ್ಡ ಹುಡುಗಿಯರಿಗೆ, ಎರಡು ದಿನಗಳಿಗೆ. 2009ರಲ್ಲಿಯೂ 2019ರಲ್ಲಿಯೂ ಈ ನದಿಯ ನೆರೆಯು ಹೊಳೆಆಲೂರಿನ ಸುತ್ತಲಿನ ಹಳ್ಳಿಗಳನ್ನು ನುಗ್ಗಿ ಕೆಡಿಸಿತು; ಮಳೆಗಾಲದಲ್ಲಿ ಸೇತುವೆಯ ಸುದ್ದಿಯನ್ನು ವಿಚಾರಿಸದೆ ಹೊರಡಕೂಡದು. ದಣಿದವರಿಗೆ ಹೊಳೆಆಲೂರಿನಲ್ಲಿಯೂ ಬಾದಾಮಿಯಲ್ಲಿಯೂ ರೈಲು ನಿಲ್ದಾಣಗಳಿವೆ. ಬಾದಾಮಿಯಿಂದ ಪಟ್ಟದಕಲ್ಲು 22 ಕಿಲೋಮೀಟರು. ಅಲ್ಲಿಯ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನವನ್ನು ಕಟ್ಟಿಸಿದವಳು ಅವಳ ತಂಗಿಯಾದ ತ್ರೈಲೋಕ್ಯಮಹಾದೇವಿ. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್, ಎಂದರೆ ಕೆಂಪೂರು. ಕರಿಯ ಎರಿಹೊಲದಿಂದ ಹೊರಟ ಹುಡುಗಿಯು ಕೆಂಪು ಮರಳುಗಲ್ಲಿನ ಗುಡ್ಡಗಳ ನಡುವೆ ಬಂದು ನಿಂತಾಗ ಕಿಸುಕಾಡಿನ ಹೆಸರಿನ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ತಾಯಿತಂದೆಗಳ ಪ್ರಶ್ನೆ. ಹುಡುಗಿಗೆ ಬೈಸಿಕಲ್ಲು ಏಕೆಂದು ಕೇಳುವವರು ಈಗ ಕಡಿಮೆ. ನಮ್ಮ ರಾಜ್ಯದ ಸರಕಾರವು 2006–07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಹಂಚಿದ್ದರಿಂದ ಹಳ್ಳಿಯ ರಸ್ತೆಗೆ ಈ ನೋಟವು ರೂಢಿಯಾಯಿತು. ತಮಿಳುನಾಡಿನ ಪುದುಕ್ಕೋಟ್ಟೆ ಜಿಲ್ಲೆಯಲ್ಲಿ 1991ರ ಸಾಕ್ಷರತೆಯ ಆಂದೋಲನದ ಕಾಲಕ್ಕೆ ಸಾವಿರಾರು ಹಳ್ಳಿಯ ಹೆಂಗಸರು ಅಕ್ಷರದೊಂದಿಗೆ ಬೈಸಿಕಲ್ಲನ್ನೂ ಕಲಿತರು. ಒಲಿಂಪಿಕ್ ಆಟಗಳಲ್ಲಿ ಗಂಡಸರ ರಸ್ತೆಯ ಪಂದ್ಯವು 1896ರಲ್ಲಿಯೇ ಇತ್ತು, ಹೆಂಗಸರದು ಬಂದದ್ದು 1984ರಲ್ಲಿ. ಎಂಭತ್ತೆಂಟು ವರ್ಷ ಕಾಯಬೇಕಾಯಿತು! ಆದರೆ ಶಾಲೆಗೆ ಹೋಗಲು ಒಪ್ಪಿದ ಮನೆಯವರೇ, ಹತ್ತನೆಯ ತರಗತಿ ಮುಗಿದ ದಿನ ಅದೇ ಬೈಸಿಕಲ್ಲನ್ನು ತಮ್ಮನಿಗೆ ಕೊಡಿಸಿಬಿಡುವದನ್ನು ನಾವು ಕಂಡಿದ್ದೇವೆ. ಕಾಲೇಜು ದೂರವೆಂಬ ಕಾರಣದಿಂದ ಓದು ನಿಂತುಹೋದ ಹುಡುಗಿಯರ ಹೆಸರುಗಳು ನಮ್ಮ ನೆನಪಿನಲ್ಲಿವೆ. ಅವರ ಪೈಕಿ ಕೆಲವರು ಈ ಸಂಚಿಕೆಯನ್ನು ಓದುವರು. ಅವರ ಹೆಣ್ಣುಮಕ್ಕಳು ಈಗ ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ.

ಹೊರಡುವ ಗುಂಪಿನಲ್ಲಿ ಆರು ಜನರಿಗೆ ಒಬ್ಬ ದೊಡ್ಡವರಿರಬೇಕು. ಪಂಪು, ಟ್ಯೂಬಿನ ತೇಪೆ, ಪಾನೆ ಇವು ಒಬ್ಬಳ ಚೀಲದಲ್ಲಿರಲಿ, ಪಂಕ್ಚರ್ ತೆಗೆಯುವದು ಎಲ್ಲರಿಗೂ ಬರಲಿ. ಜನವರಿಯಲ್ಲಿ ಬನಶಂಕರಿಯ ಜಾತ್ರೆಯ ದಿನಗಳಲ್ಲಿ ಬಾದಾಮಿಯ ರಸ್ತೆಯು ಬಂಡಿ, ಬಸ್ಸು, ಟ್ರಾಕ್ಟರುಗಳಿಂದ ತುಂಬಿರುವದು. ಆ ವಾರವನ್ನು ಬಿಟ್ಟು ಹೋಗತಕ್ಕದ್ದು.