ಬ್ಯಾನರಿನ ಮೇಲೆ ಬಿಳಿ ಗೆರೆ ಮೂಡಿದ್ದೇಕೆ?

ಊರ ಜಾತ್ರೆಯಲ್ಲೋ ಶಾಲೆಯ ವಾರ್ಷಿಕೋತ್ಸವದಲ್ಲೋ ಕಟ್ಟಿದ ದೊಡ್ಡ ಬಣ್ಣದ ಬ್ಯಾನರುಗಳನ್ನು ನೀವು ನೋಡಿದ್ದೀರಿ. ಕೆಲವದರ ಮೇಲೆ ಬಾಚಣಿಗೆಯಿಂದ ಗೀರಿದಂತೆ ಸಣ್ಣ ಬಿಳಿ ಗೆರೆಗಳು ಸಾಲಾಗಿ ಕಾಣುತ್ತವೆ, ಅಲ್ಲವೆ? ಅಂಥ ಬ್ಯಾನರನ್ನು ಗಿರಾಕಿ ಒಪ್ಪುವುದಿಲ್ಲ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಒಂದು ಬ್ಯಾನರು ಕೆಟ್ಟರೆ ಎಂಬತ್ತು ಚದರ ಅಡಿ ಕಸ. ಫ್ಲೆಕ್ಸ್ ಎಂದರೆ ಪಾಲಿಯೆಸ್ಟರ್ ನೂಲಿನ ಬಲೆಗೆ ಪಿ.ವಿ.ಸಿ. ಪ್ಲಾಸ್ಟಿಕ್ ಲೇಪಿಸಿದ ಹಾಳೆ. ಅದು ಮಣ್ಣಿನಲ್ಲಿ ಕೊಳೆಯದು. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ನಂಥ ವಿಷಗಳು ಗಾಳಿಗೆ ಸೇರುತ್ತವೆ. ಇಂಥ ಕಾರಣಗಳಿಂದಲೇ 2016ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಫ್ಲೆಕ್ಸ್ ಬ್ಯಾನರುಗಳನ್ನೂ ನಿಷೇಧಿಸಿತು. ಇದೇ ಬಗೆಯ ಯಂತ್ರಗಳು ಬಟ್ಟೆ, ಕಾಗದಗಳ ಮೇಲೂ ಮುದ್ರಿಸುತ್ತವೆ. ಹಾಳೆ ಯಾವುದಾದರೂ ಗೆರೆಯ ಕಾಟ ತಪ್ಪಿದ್ದಲ್ಲ.

ಗೆರೆ ಏಕೆ ಮೂಡುತ್ತದೆ ಎಂದು ತಿಳಿಯಲು ಯಂತ್ರದ ಒಳಗೆ ಇಣುಕಬೇಕು.

ಈ ಯಂತ್ರದಲ್ಲಿ ಅಚ್ಚಿನ ಮೊಳೆಗಳಿಲ್ಲ. ‘ಹೆಡ್’ ಎಂಬ ಭಾಗವೊಂದು ಕಂಬಿಯ ಮೇಲೆ ಎಡಕ್ಕೂ ಬಲಕ್ಕೂ ಓಡುತ್ತ ಶಾಯಿಯ ಹನಿಗಳನ್ನು ಚಿಮುಕಿಸುತ್ತದೆ. ಒಂದು ಓಟ ಮುಗಿದೊಡನೆ ಹಾಳೆ ಸ್ವಲ್ಪ ಮುಂದೆ ಸರಿಯುತ್ತದೆ. ಶಾಯಿಗಳು ಮುಖ್ಯವಾಗಿ ನಾಲ್ಕೇ: ತಿಳಿನೀಲಿಯ ಸಯಾನ್, ಕೆನ್ನೇರಳೆಯ ಮೆಜೆಂಟಾ, ಹಳದಿ ಮತ್ತು ಕಪ್ಪು. ಉಳಿದ ಬಣ್ಣಗಳೆಲ್ಲ ಇವುಗಳ ಚುಕ್ಕೆಗಳು ಬೆರೆತು ನಮ್ಮ ಕಣ್ಣಿಗೆ ಕಾಣುವಂಥವು. ಭೂತಗನ್ನಡಿ ಹಿಡಿದು ಬ್ಯಾನರನ್ನು ನೋಡಿ, ಚುಕ್ಕೆಗಳು ಬೇರೆಬೇರೆಯಾಗಿ ಕಾಣುತ್ತವೆ.

ಹನಿ ಎಷ್ಟು ಚಿಕ್ಕದು? ಒಂದು ಹನಿಯ ಗಾತ್ರ 10 ಪಿಕೋಲೀಟರ್ ಎಂದಿಟ್ಟುಕೊಳ್ಳೋಣ. ಒಂದು ಮಿಲಿಲೀಟರಿನಲ್ಲಿ 100 ಕೋಟಿ ಪಿಕೋಲೀಟರುಗಳಿವೆ. ಅಂದರೆ ಒಂದು ಮಿಲಿಲೀಟರ್ ಶಾಯಿಯಿಂದ 10 ಕೋಟಿ ಹನಿಗಳು! ಅಂಥ ಹನಿಯ ಅಡ್ಡಳತೆ ನಿಮ್ಮ ತಲೆಗೂದಲಿನ ದಪ್ಪದ ಅರ್ಧಕ್ಕಿಂತಲೂ ಕಡಿಮೆ. ಅದು ಹೊರಬರುವ ರಂಧ್ರವೂ ಅಷ್ಟೇ ಕಿರಿದು. ಹಲವು ಯಂತ್ರಗಳ ಒಂದು ಹೆಡ್ಡಿನಲ್ಲಿ ಇಂಥ 512 ರಂಧ್ರಗಳಿರುತ್ತವೆ.

ಹನಿಯನ್ನು ತಳ್ಳುವವರು ಯಾರು? ಅಡುಗೆಮನೆಯ ಗ್ಯಾಸ್ ಲೈಟರ್ ನೆನಪಿಸಿಕೊಳ್ಳಿ. ಅದರಲ್ಲಿರುವ ವಿಶೇಷ ವಸ್ತುವಿಗೆ ‘ಕಟಕ್’ ಎಂದು ಪೆಟ್ಟು ಬಿದ್ದರೆ ವಿದ್ಯುತ್ ಹುಟ್ಟಿ ಕಿಡಿ ಹಾರುತ್ತದೆ. ಹರಳುಗಳ ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಸಹೋದರರಾದ ಪಿಯರ್ ಕ್ಯೂರಿ ಮತ್ತು ಜಾಕ್ ಕ್ಯೂರಿ ಕಂಡುಹಿಡಿದರು. ಇದರ ಹೆಸರು ಪೀಜೋ ವಿದ್ಯುತ್. ಬ್ಯಾನರ್ ಯಂತ್ರದಲ್ಲಿ ನಡೆಯುವುದು ಇದರ ತಿರುಗುಮುರುಗು. ವಿದ್ಯುತ್ ಕೊಟ್ಟಾಗ ಪೀಜೋ ವಸ್ತು ಅಲ್ಪಸ್ವಲ್ಪ ಬಾಗುತ್ತದೆ, ಶಾಯಿಯ ಪುಟ್ಟ ಕೋಣೆಯನ್ನು ಹಿಂಡುತ್ತದೆ. ಒಂದು ಹನಿ ಹೊರಗೆ ಚಿಮ್ಮುತ್ತದೆ.

ಹಾಗಾದರೆ ರಂಧ್ರ ಕೆಳಮುಖವಾಗಿದ್ದರೂ ಶಾಯಿ ತಾನಾಗಿ ಸೋರುವುದಿಲ್ಲವೇಕೆ? ನೀರಿನಲ್ಲಿ ಅದ್ದಿದ ಕೊಳವೆಯ ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿ ಮೇಲೆತ್ತಿ ನೋಡಿ. ನೀರು ಬೀಳದು. ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆಯಾಗಿರುವುದು ಮತ್ತು ನೀರಿನ ಮೇಲ್ಮೈ ಸೆಳೆತ, ಎರಡೂ ಸೇರಿ ಅದನ್ನು ತಡೆಹಿಡಿಯುತ್ತವೆ. ಹೆಡ್ಡಿನಲ್ಲೂ ಇದೇ ಉಪಾಯ.

ಈಗ ಗೆರೆಗೆ ಬರೋಣ. ಒಂದು ರಂಧ್ರ ಕಟ್ಟಿಕೊಂಡರೆ ಹೆಡ್ ಓಡುವ ದಿಕ್ಕಿನಲ್ಲಿ ಅದರ ಪಾಲಿನ ಜಾಗ ಖಾಲಿ ಉಳಿಯುತ್ತದೆ. ಆದರೆ ಗೆರೆ ಕಂಡೊಡನೆ ರಂಧ್ರ ಕಟ್ಟಿದೆ ಎಂದು ತೀರ್ಮಾನಿಸುವುದು ಜಾಣತನವಲ್ಲ. ಅನುಭವಿ ಕೆಲಸಗಾರರು ಮೊದಲು ಒಂದು ಪರೀಕ್ಷಾ ಚಿತ್ರ ತೆಗೆಯುತ್ತಾರೆ. ಅದರಲ್ಲಿ ಪ್ರತಿ ರಂಧ್ರವೂ ತನ್ನದೊಂದು ಪುಟ್ಟ ಗೀಟು ಹಾಕುತ್ತದೆ. ತರಗತಿಯ ಹಾಜರಿ ಪುಸ್ತಕದಂತೆ! ಯಾವ ಗೀಟು ಇಲ್ಲವೋ ಆ ರಂಧ್ರ ಗೈರುಹಾಜರು.

ಹಾಜರಿಯನ್ನು ಎರಡು ಬಾರಿ ತೆಗೆದುಕೊಳ್ಳುವುದು ಇನ್ನೂ ಒಳ್ಳೆಯದು. ಹೆಡ್ಡನ್ನು ಒಮ್ಮೆ ಶುಚಿಗೊಳಿಸಿ, ಮತ್ತೆ ಚಿತ್ರ ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಎರಡರಲ್ಲೂ ಅದೇ ಗೀಟುಗಳು ಕಾಣೆಯಾಗಿದ್ದರೆ ಅಲ್ಲಿ ಶಾಯಿ ಒಣಗಿ ಕೂತಿರುವ ಸಂಭವ ಹೆಚ್ಚು. ಕಾಣೆಯಾದ ಜಾಗ ಪ್ರತಿ ಸಲವೂ ಬದಲಾಗುತ್ತಿದ್ದರೆ? ಆಗ ಅನುಮಾನ ಗಾಳಿಗುಳ್ಳೆಯ ಮೇಲೆ. ಪಿಚಕಾರಿಯೊಳಗೆ ಗಾಳಿ ಸೇರಿದ್ದರೆ ನೀವು ಒತ್ತಿದ ಬಲವೆಲ್ಲ ಗಾಳಿಯನ್ನು ಹಿಂಡುವುದಕ್ಕೇ ಖರ್ಚಾಗುತ್ತದೆ, ನೀರು ಸರಿಯಾಗಿ ಚಿಮ್ಮುವುದಿಲ್ಲ. ಹೆಡ್ಡಿನ ಕೋಣೆಯಲ್ಲೂ ಹಾಗೆಯೇ. ಆಗ ಮತ್ತೆಮತ್ತೆ ಶುಚಿಗೊಳಿಸಿ ಶಾಯಿ ಚೆಲ್ಲುವುದಕ್ಕಿಂತ ಅರ್ಧ ಗಂಟೆ ಸುಮ್ಮನೆ ಬಿಡುವುದು, ಶಾಯಿಯ ಕೊಳವೆಗಳ ಜೋಡಣೆ ಸಡಿಲವಾಗಿದೆಯೇ ಎಂದು ನೋಡುವುದು ಮೇಲು.

ಕೆಲವೊಮ್ಮೆ ಗೀಟುಗಳೆಲ್ಲ ಹಾಜರಿದ್ದೂ ಬ್ಯಾನರಿನಲ್ಲಿ ಗೆರೆ ಇರುತ್ತದೆ. ಎಲ್ಲ ಬಣ್ಣಗಳಲ್ಲೂ, ಸಮ ಅಂತರದಲ್ಲಿ. ಇಲ್ಲಿ ಹೆಡ್ಡಿನ ತಪ್ಪಿಲ್ಲ, ಹಾಳೆ ಸರಿಯುವ ಲೆಕ್ಕ ತಪ್ಪಿದೆ. 1000 ಮಿಲಿಮೀಟರ್ ಉದ್ದ ಮುದ್ರಿಸಲು ಹೇಳಿ ಅಳೆದಾಗ 996 ಬಂತು ಎನ್ನಿ. ಪ್ರತಿ 20 ಮಿ.ಮೀ. ಸರಿತಕ್ಕೆ ಎಷ್ಟು ಕೊರತೆ? ಕೇವಲ 0.08 ಮಿ.ಮೀ., ಒಂದು ಕೂದಲಿನಷ್ಟು. ಆದರೂ ಪಟ್ಟಿಯ ಮೇಲೆ ಪಟ್ಟಿ ಬಿದ್ದು ಕಪ್ಪುಗೆರೆ ಕಾಣುತ್ತದೆ. ಹಾಳೆ ಹೆಚ್ಚು ಸರಿದರೆ ನಡುವೆ ಬಿಳಿಗೆರೆ. ಸರಿತದ ಅಳತೆಯನ್ನು 1000/996ರಿಂದ ಗುಣಿಸಿದರೆ ದೋಷ ಹೋಗುತ್ತದೆ. ಅನುಪಾತದ ಲೆಕ್ಕ ಎಲ್ಲಿ ಬಂತು ನೋಡಿ!

ಅವಸರದಲ್ಲಿರುವವರು ಇನ್ನೊಂದು ದಾರಿ ಹಿಡಿಯುತ್ತಾರೆ. ಒಂದೇ ಜಾಗದ ಮೇಲೆ ಹೆಡ್ ಹೆಚ್ಚು ಬಾರಿ ಓಡುವಂತೆ ಮಾಡುತ್ತಾರೆ. ಕಟ್ಟಿದ ರಂಧ್ರದ ಕೆಲಸವನ್ನು ಬೇರೆ ರಂಧ್ರಗಳು ಹಂಚಿಕೊಂಡು ಗೆರೆ ಮಸುಕಾಗುತ್ತದೆ. ಕೆಲಸ ನಿಧಾನವಾಗುತ್ತದೆ, ರೋಗ ಮಾತ್ರ ಹಾಗೇ ಉಳಿಯುತ್ತದೆ.

ಶಾಯಿ ಒಣಗದಂತೆ ನೋಡಿಕೊಳ್ಳುವುದು ಹೇಗೆ? ಮುಚ್ಚಳ ಹಾಕದ ಸ್ಕೆಚ್ ಪೆನ್ ಮರುದಿನ ಬರೆಯುತ್ತದೆಯೇ? ಇಲ್ಲ. ಇಲ್ಲಿನ ಶಾಯಿಯೂ ಬೇಗ ಆವಿಯಾಗುವ ದ್ರಾವಕದಲ್ಲಿ ಬಣ್ಣದ ಕಣಗಳು ತೇಲುತ್ತಿರುವ ದ್ರವ. ಹಾಳೆಯ ಮೇಲೆ ಬೇಗ ಒಣಗಬೇಕು, ರಂಧ್ರದಲ್ಲಿ ಒಣಗಬಾರದು! ಅದಕ್ಕೇ ಕೆಲಸ ಮುಗಿದ ಮೇಲೆ ಹೆಡ್ಡು ರಬ್ಬರಿನ ಅಂಚುಳ್ಳ ಮುಚ್ಚಳದ ಮೇಲೆ ಕೂರುತ್ತದೆ. ಮುಚ್ಚಳದ ಅಂಚಿಗೆ ಒಣಶಾಯಿ ಮೆತ್ತಿದ್ದರೆ ಸಂದಿಯಲ್ಲಿ ಗಾಳಿಯಾಡುತ್ತದೆ. ಆದ್ದರಿಂದ ಮುಚ್ಚಳವನ್ನೂ, ಹೆಡ್ಡನ್ನು ಸವರುವ ರಬ್ಬರ್ ಪಟ್ಟಿಯನ್ನೂ ದಿನವೂ ಒರೆಸಬೇಕು, ಅದೂ ಎಳೆ ಬಿಡದ ಬಟ್ಟೆಯಿಂದ. ಒಂದು ಹತ್ತಿಯ ಎಳೆ ಸಾಕು, ರಂಧ್ರಗಳ ಸಾಲಿಗೇ ಅಡ್ಡವಾದೀತು. ವಾರಗಟ್ಟಲೆ ನಿಲ್ಲಿಸಿದ ಯಂತ್ರವೇ ಹೆಚ್ಚು ಕೆಡುತ್ತದೆ. ರಜೆಯಲ್ಲೂ ದಿನಕ್ಕೊಂದು ಪರೀಕ್ಷಾ ಚಿತ್ರ ತೆಗೆಯುವ ಅಂಗಡಿಗಳಿವೆ.

ಒಣ ಹವೆಯಲ್ಲಿ ಇನ್ನೊಂದು ಕಾಟ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವಂತೆ, ಉಜ್ಜಿಕೊಂಡು ಬರುವ ಹಾಳೆ ಸ್ಥಾಯೀ ವಿದ್ಯುತ್ತಿನಿಂದ ಹನಿಗಳನ್ನು ಅತ್ತಿತ್ತ ಎಳೆಯುತ್ತದೆ. ಅಕ್ಷರದ ಅಂಚು ಮಂಜುಮಂಜಾಗುತ್ತದೆ. ಯಂತ್ರಕ್ಕೆ ಸರಿಯಾದ ಭೂಸಂಪರ್ಕ ಕೊಟ್ಟು, ಕೋಣೆಯಲ್ಲಿ ಸ್ವಲ್ಪ ತೇವ ಇರಿಸಿದರೆ ಇದು ತಗ್ಗುತ್ತದೆ.

ಅಂಗಡಿಗೆ ಹೋದರೆ ದೂರ ನಿಂತು ನೋಡಿ. ದ್ರಾವಕದ ಆವಿ ಉಸಿರಿಗೆ ಒಳ್ಳೆಯದಲ್ಲ, ಬೆಂಕಿಯೂ ಹೊತ್ತಿಕೊಳ್ಳಬಲ್ಲದು. ಕೆಲಸ ಮಾಡುವವರು ಕೈಗವಸು ಹಾಕಿದ್ದಾರೆಯೇ, ಕಿಟಕಿ ತೆರೆದಿದೆಯೇ ಎಂಬುದನ್ನೂ ಗಮನಿಸಿ.

ಈಗ ನಿಮಗೊಂದು ಪ್ರಶ್ನೆ. ಹಸಿರು ಗದ್ದೆಯ ಚಿತ್ರವಿರುವ ಬ್ಯಾನರಿನಲ್ಲಿ ಅಲ್ಲಲ್ಲಿ ತೆಳುವಾದ ನೀಲಿ ಗೆರೆಗಳು ಬಂದಿವೆ. ಬಿಳಿ ಎಲ್ಲೂ ಕಾಣುತ್ತಿಲ್ಲ. ಗೈರುಹಾಜರಾಗಿರುವುದು ಯಾವ ಶಾಯಿಯ ರಂಧ್ರಗಳು?